ಬೀದಿಗೆ ಬಂದ ರೈಲು

ಆ ರಜಾದಿನ ಬೆಳಿಗ್ಗೆ ರೈಲು ಸುರಂಗದೊಳಗೆ ಹೋದದ್ದು ಹೊರಗೆ ಬರಲಿಲ್ಲ. ಅದೇ ಹೊತ್ತಿಗೆ ಅಡುಗೆಮನೆಯ ದೀಪ ಆರಿತು. ದೀಪ ಆರಿದ ಹಿಂದೆಯೇ ಅಕ್ಕನ ದನಿ ಎದ್ದಿತು.

"ನಿನ್ನ ರೈಲಿಗಷ್ಟು ಬೆಂಕಿ ಹಾಕ! ಮತ್ತೆ ಫ್ಯೂಸ್ ಹಾರಿಸಿದ್ಯೇನೋ?"

ಹಾರಿಸಿದ್ದ. ಥರ್ಮೊಕೋಲ್ ಗುಡ್ಡದ ಮುಂದೆ ಮಂಡಿಯೂರಿ, ಸುರಂಗದ ಬಾಯಿಗೆ ಕಣ್ಣಿಟ್ಟು, ತಪ್ಪಿತಸ್ಥನ ಮುಖ ಮಾಡಿಕೊಂಡು ಕೂತಿದ್ದ.

ಬೀದಿಯವರು ಅವನನ್ನು ಸ್ಕೇಲು ಎನ್ನುತ್ತಿದ್ದರು. ನೀಳ ಎತ್ತರ, ಸಪೂರ ಮೈ, ಎಲ್ಲೂ ಬಾಗದ ಬೆನ್ನು. ಸಾಲದ್ದಕ್ಕೆ ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಮದುವೆಯಾಗಿರಲಿಲ್ಲ. ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಅಕ್ಕ, ಹಾಸಿಗೆ ಹಿಡಿದ ಅಮ್ಮ, ಇವರಿಬ್ಬರ ನಡುವೆ ಓಡಾಡುತ್ತಲೇ ನಲವತ್ತು ದಾಟಿಬಿಟ್ಟಿದ್ದ. ಹೋದ ವರ್ಷ ಅಮ್ಮ ತೀರಿಕೊಂಡಳು. ಅವಳ ಕೋಣೆ ಖಾಲಿಯಾಯಿತು. ಆ ಬಾಗಿಲು ದಾಟುವಾಗೆಲ್ಲ ಒಳಗಿನಿಂದ ಯಾರೋ ನೀರು ಕೇಳಿದ ಹಾಗಾಗಿ ಅವನು ನಿಂತುಬಿಡುತ್ತಿದ್ದ. ನಿಂತು ನಿಂತು ಸಾಕಾಗಿ, ಕೊನೆಗೊಂದು ದಿನ ಅಮ್ಮನ ಮಂಚದ ಮೇಲೆ ಪ್ಲೈವುಡ್ ಹಲಗೆ ಹಾಸಿದ. ಮಂಚ ಸಾಲದೆ ಎರಡೂ ಬದಿಗೆ ಮೇಜು ಕೊಟ್ಟು ಇನ್ನಷ್ಟು ಹಲಗೆ ಜೋಡಿಸಿದ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಒಂದು ಪುಟ್ಟ ಇಂಜಿನ್ನು, ಅದಕ್ಕೆ ತಕ್ಕ ಬೋಗಿಗಳು, ಒಂದು ಚೀಲ ಹಳಿ ತಂದ.

ಹಳಿಯ ಸುತ್ತ ಊರು ಬೇಕಲ್ಲ? ಇಲ್ಲದ್ದನ್ನು ಬರೆದು ಅವನಿಗೆ ಅಭ್ಯಾಸವಿರಲಿಲ್ಲ. ಕಿಟಕಿಯಾಚೆ ಕಾಣುವ ತನ್ನ ಬೀದಿಯನ್ನೇ ಅಳತೆ ಹಿಡಿದು ಕಟ್ಟಿದ. ಅಮ್ಮನ ಮಾತ್ರೆಗಳ ಬೆಳ್ಳಿಹಾಳೆ ಮಡಿಸಿದರೆ ತಗಡಿನ ಸೂರಾಯಿತು. ಟೂತ್‌ಪೇಸ್ಟಿನ ಮುಚ್ಚಳ ನೀರಿನ ಟ್ಯಾಂಕಾಯಿತು. ಪಾತ್ರೆ ತಿಕ್ಕುವ ನಾರು ಬಣ್ಣ ಬಳಿಸಿಕೊಂಡು ಮರವಾಯಿತು. ನಾರು ಎಲ್ಲಿ ಮಾಯವಾಗುತ್ತದೆಂದು ಅಕ್ಕ ಹುಡುಕಿ ಹುಡುಕಿ ಸುಸ್ತಾದಳು. ಎಲ್ಲಕ್ಕಿಂತ ಮುತುವರ್ಜಿಯಿಂದ ತಮ್ಮ ಮನೆ ಕಟ್ಟಿ, ಅದರ ಮೆಟ್ಟಿಲ ಮೇಲೆ ಬೆಂಕಿಕಡ್ಡಿಯಷ್ಟು ಗಾತ್ರದ ಒಬ್ಬ ಹೆಂಗಸನ್ನು ಕೂರಿಸಿದ. ಕಾಲು ಚಾಚಿ ಬಿಸಿಲಿಗೆ ಕೂತ ಹೆಂಗಸು. ಯಾರೆಂದು ಅಕ್ಕ ಕೇಳಲಿಲ್ಲ. ಅವನು ಹೇಳಲಿಲ್ಲ.

ತೊಂದರೆ ಬಂದದ್ದು ತಿರುವಿನಲ್ಲಿ. ಹಳಿಯನ್ನು ಬಗ್ಗಿಸುವುದಕ್ಕೂ ಒಂದು ಮಿತಿ ಇದೆ. ಮಿತಿ ಮೀರಿದರೆ ಇಂಜಿನ್ನು ಕುಡಿದವನ ಹಾಗೆ ಚರಂಡಿಗೆ ಉರುಳುತ್ತದೆ. ಆ ತಿರುವಿಗೆ ಜಾಗ ಬೇಕಿತ್ತು. ಎದುರುಮನೆ ದರ್ಜಿಯ ಮನೆ ಬರಬೇಕಾದದ್ದು ಸರಿಯಾಗಿ ಅಲ್ಲೇ. ಬಹಳ ಯೋಚಿಸಿ, ಮನಸ್ಸು ನೊಂದುಕೊಂಡು, ದರ್ಜಿಯ ಮನೆ ಕಟ್ಟುವುದನ್ನೇ ಬಿಟ್ಟಿದ್ದ.

ಫ್ಯೂಸ್ ಹಾಕಲು ಬಂದ ಎಲೆಕ್ಟ್ರಿಷಿಯನ್ನಿಗೆ ತನ್ನ ಕೆಲಸವೊಂದು ಬಿಟ್ಟು ಬೇರೆಲ್ಲದರಲ್ಲೂ ಆಸಕ್ತಿ. ವೈರು ಹಿಡಿದುಕೊಂಡು ಕೋಣೆಗೆ ಬಂದವನು ಬಾಯಿ ತೆರೆದು ನಿಂತ.

"ಸಾರ್, ಇದು ನಮ್ಮ ಬೀದಿ ಅಲ್ವಾ?"

"ಹೂಂ."

"ದರ್ಜಿ ಮನೆ ಕಾಣ್ತಾ ಇಲ್ವಲ್ಲ?"

"ಅಲ್ಲಿ ಲೈನ್ ಹೋಗ್ಬೇಕಿತ್ತು. ಬೇರೆ ದಾರಿ ಇರ್ಲಿಲ್ಲ. ಪಾಪ, ತೆಗೆದುಬಿಟ್ಟೆ."

ಎಲೆಕ್ಟ್ರಿಷಿಯನ್ನಿನ ಕಿವಿ ನೆಟ್ಟಗಾಯಿತು. ಈ ಮನುಷ್ಯ ರೈಲ್ವೆಯಲ್ಲಿ ನಕ್ಷೆ ಬರೆಯುವವನು ಎಂಬುದು ಅವನಿಗೆ ಗೊತ್ತಿತ್ತು.

"ಇದು... ಯಾರಿಗಾದ್ರೂ ಗೊತ್ತಾ ಸಾರ್?"

ನಲವತ್ತು ದಾಟಿದ ಗಂಡಸು ಆಟದ ರೈಲು ಬಿಡುತ್ತಾನೆಂದು ಬೀದಿಗೆಲ್ಲ ಗೊತ್ತಾದರೆ ತಲೆಯೆತ್ತಿ ತಿರುಗುವಂತಿರಲಿಲ್ಲ. ಸ್ಕೇಲು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಇಲ್ಲಪ್ಪ, ಇನ್ನೂ ಯಾರಿಗೂ ತೋರಿಸಿಲ್ಲ. ದಯವಿಟ್ಟು ನೀನೂ ಎಲ್ಲೂ ಬಾಯಿ ಬಿಡ್ಬೇಡ."

ಎಲೆಕ್ಟ್ರಿಷಿಯನ್ನು ಗಂಭೀರವಾಗಿ ತಲೆಯಾಡಿಸಿದ. ಫ್ಯೂಸ್ ಹಾಕಿ ಮೆಟ್ಟಿಲಿಳಿದವನು ನೇರ ಬೀದಿ ದಾಟಿ ಎದುರುಮನೆ ಹೊಕ್ಕ.

ದರ್ಜಿ ಬಂದಾಗ ಅವನ ಕೊರಳಲ್ಲಿ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ, ಕೈಯಲ್ಲಿ ಒಂದೇ ತೋಳಿನ ಅಂಗಿ. ಕೆಲಸ ಅರ್ಧಕ್ಕೇ ಬಿಟ್ಟು ಓಡಿಬಂದಿದ್ದ. ಹಲಗೆಯ ಹತ್ತಿರ ಹೋಗಿ, ಬಗ್ಗಿ, ತನ್ನ ಮನೆಯ ಜಾಗದಲ್ಲಿ ಮಿನುಗುತ್ತಿದ್ದ ಹಳಿಯನ್ನು ನೋಡಿದ. ಗುಂಡುಸೂಜಿಗಳನ್ನು ಬಾಯಿಂದ ತೆಗೆದು ಅಂಗಿಗೆ ಚುಚ್ಚಿ, ಆಮೇಲೆ ಅತ್ತ.

"ನಾನು ನಿಮಗೇನು ಅನ್ಯಾಯ ಮಾಡಿದೀನಿ ಸಾರ್? ಪ್ಯಾಂಟ್ ಒಂದ್ಸಲ ಗಿಡ್ಡ ಆಯ್ತು, ಒಪ್ಕೋತೀನಿ. ಅದಕ್ಕೆ ಮನೇನೇ ಒಡೆಸೋದಾ?"

"ಅಯ್ಯೋ, ಇದು ಆಟಿಕೆ ಮಾರಾಯ್ರೆ! ನಾನು ಆಡೋಕೆ ಮಾಡ್ಕೊಂಡಿರೋದು."

ದರ್ಜಿ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದ. ಮೀಸೆ, ಕನ್ನಡಕ, ಕಿವಿಯ ಮೇಲಿನ ನರೆ. "ನಿಮ್ಮ ವಯಸ್ಸಿಗೆ ಆಟಿಕೆ? ನಾನು ಬಟ್ಟೆ ಹೊಲಿಯೋನು ನಿಜ, ದಡ್ಡ ಅಲ್ಲ."

"ನಾನಿರೋದು ಮೋರಿ ವಿಭಾಗದಲ್ಲಿ. ರೈಲಿನ ಕೆಳಗೆ ನೀರು ಹೋಗುತ್ತಲ್ಲ, ಅದನ್ನ ಬರೆಯೋನು. ರೈಲು ಎಲ್ಲಿ ಹೋಗ್ಬೇಕು ಅಂತ ನನ್ನ ಯಾರೂ ಕೇಳಲ್ಲ. ಬೇಕಾದ್ರೆ ಅಕ್ಕನ್ನ ಕೇಳಿ!"

ಅಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾರಿನ ಸಿಟ್ಟು, ಫ್ಯೂಸಿನ ಸಿಟ್ಟು ಎರಡೂ ಒಟ್ಟಿಗೆ ಉಕ್ಕಿತು. "ನನ್ನೇನು ಕೇಳ್ತೀರಿ? ಆಫೀಸಲ್ಲಿ ಮಾಡಿದ್ದು ಸಾಲ್ದು ಅಂತ ಮನೇಲೂ ಅದೇ ಕೆಲಸ ಹಚ್ಕೊಂಡು ಕೂತಿರ್ತಾನೆ."

ಸ್ಕೇಲು ಕಣ್ಣು ಮುಚ್ಚಿಕೊಂಡ. ದರ್ಜಿ ಇನ್ನಷ್ಟು ಜೋರಾಗಿ ಅತ್ತ. ಬೇರೆಯವರ ಅಳು ಸ್ಕೇಲಿಗೆ ಮೊದಲಿನಿಂದಲೂ ತಡೆಯಲಾಗದ ವಸ್ತು. ಸ್ಕ್ರೂಡ್ರೈವರ್ ತಗೊಂಡು ತಿರುವಿನ ಮೊಳೆ ಎಬ್ಬಿಸಿ, ಹಳಿಯನ್ನು ಬೆರಳಗಲ ಪಕ್ಕಕ್ಕೆ ಸರಿಸಿದ. ಒಂದು ರಟ್ಟಿನ ಚೂರು ಮಡಿಸಿ, ಬಾಗಿಲು ಕಿಟಕಿ ಬರೆದು, ದರ್ಜಿಯ ಮನೆ ಕಟ್ಟಿ ಅಂಟಿಸಿದ.

"ಆಯ್ತಾ? ಇನ್ನು ಹೋಗಿ, ತೋಳು ಹೊಲೀರಿ."

ದರ್ಜಿ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಕೆಳಗಿಳಿದು ಬೀದಿಯ ನಡುಮಧ್ಯೆ ನಿಂತು, ಸ್ಕೇಲು ಸಾರ್ ಮನಸ್ಸು ಮಾಡಿದರೆ ಲೈನನ್ನು ಎಲ್ಲಿಗೆ ಬೇಕಾದರೂ ಸರಿಸುತ್ತಾರೆ ಎಂದು ಸಾರಿದ. ಎಲ್ಲಿಗೆ ಸರಿಸಿದರು ಎಂದು ಯಾರೋ ಕೇಳಿದರು. ಬೇಕರಿಯ ಮೇಲೆ ಎಂದ.

ಬೇಕರಿಯಾಕೆ ಬಂದಳು. ಗಟ್ಟಿ ಹೆಂಗಸು, ಮೊಣಕೈವರೆಗೆ ಹಿಟ್ಟು. ಒಂದು ಕೈಯಲ್ಲಿ ಕೇಕಿನ ಡಬ್ಬ, ಇನ್ನೊಂದರಲ್ಲಿ ಹಿಟ್ಟು ಲಟ್ಟಿಸುವ ದಪ್ಪ ದೊಣ್ಣೆ. ಯಾವುದು ಬೇಕೋ ಆರಿಸಿಕೊ ಎಂಬಂತೆ ಎರಡನ್ನೂ ಹಲಗೆಯ ತುದಿಗೆ ಇಟ್ಟಳು.

"ನಮ್ಮ ಒಲೆ ಆರಿದ್ದನ್ನ ಈ ಬೀದಿ ಇವತ್ತಿನವರೆಗೆ ನೋಡಿಲ್ಲ. ನಿಮ್ಮಮ್ಮನಿಗೆ ಬಾಯಿ ಕಹಿಯಾದಾಗೆಲ್ಲ ಮೆತ್ತಗಿನ ಬ್ರೆಡ್ಡು ಯಾರು ಕಳಿಸ್ತಿದ್ರು? ಹೇಳಿ."

"ನೀವೇ."

"ಅದಕ್ಕೆ ಇದಾ ಮರ್ಯಾದೆ?"

ನಿಜಕ್ಕೂ ಕಳಿಸುತ್ತಿದ್ದಳು, ಕೊನೆಯ ದಿನದವರೆಗೂ. ಆಟಿಕೆ ಎಂಬ ಮಾತು ಸ್ಕೇಲಿನ ನಾಲಗೆಯ ತುದಿಗೆ ಬಂದದ್ದು ದೊಣ್ಣೆ ನೋಡಿ ವಾಪಸು ಹೋಯಿತು. ಹಳಿ ಮತ್ತೊಂದು ಬೆರಳಗಲ ಸರಿಯಿತು. ಈ ಸಲ ಅದು ನಿವೃತ್ತ ಹೆಡ್‌ಮಾಸ್ತರರ ಕಾಂಪೌಂಡು ಹೊಕ್ಕು ನೇರ ಅವರ ನಡುಮನೆಯಲ್ಲಿ ಹಾದುಹೋಯಿತು.

ಹೆಡ್‌ಮಾಸ್ತರರು ಬೀದಿಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಅವರು ಅಳಲಿಲ್ಲ, ದೊಣ್ಣೆ ತರಲಿಲ್ಲ. ಬೀದಿಯನ್ನೇ ಹಿಂದಿಟ್ಟುಕೊಂಡು ಬಂದರು. ಅಮ್ಮನ ಕಾಯಿಲೆಯಲ್ಲಿ ಬಾಗಿಲಿಂದಲೇ ವಿಚಾರಿಸಿ ಹೋಗುತ್ತಿದ್ದವರೆಲ್ಲ ಈಗ ಅಮ್ಮನ ಕೋಣೆಯಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಂತರು. ಯಾರದೋ ಮೊಣಕೈ ತಗಲಿ ಗುಡ್ಡದ ತುದಿ ಮುರಿಯಿತು. ಇನ್ಯಾರೋ ದಾಹವೆಂದು ಕೇಳಿ ತರಿಸಿಕೊಂಡ ಚಹಾದ ಲೋಟವನ್ನು ಸ್ಟೇಷನ್ನಿನ ಮೇಲೆ ಇಟ್ಟರು.

"ಎಲ್ಲರೂ ಸುಮ್ಮನಿರಿ," ಎಂದರು ಹೆಡ್‌ಮಾಸ್ತರರು. "ನೋಡಪ್ಪಾ, ಸರ್ಕಾರಕ್ಕೆ ರೈಲು ಬೇಕು ಅಂದ್ರೆ ಬರಲಿ. ನಾವು ಅಭಿವೃದ್ಧಿಗೆ ವಿರುದ್ಧ ಅಲ್ಲ. ಆದ್ರೆ ಲೈನು ನ್ಯಾಯವಾಗಿ ಹೋಗ್ಬೇಕು."

"ಸಾರ್, ಸರ್ಕಾರಕ್ಕೆ ಇದರ ಸುದ್ದಿಯೇ ಗೊತ್ತಿಲ್ಲ."

"ಹಾಗಾದ್ರೆ ತಿಳಿಸೋಣ. ನಿಮ್ಮ ದೊಡ್ಡ ಸಾಹೇಬರ ಕ್ವಾರ್ಟರ್ಸು ಹತ್ತಿರದಲ್ಲೇ ಇದೆ. ಎಲ್ಲರೂ ಹೋಗಿ ಅವರನ್ನೇ ಕೇಳ್ತೀವಿ."

ದೊಡ್ಡ ಸಾಹೇಬರು ಗೆರೆಯೊಂದು ಕೂದಲಷ್ಟು ಸೊಟ್ಟಗಾದರೆ ನಕ್ಷೆಯನ್ನೇ ಹರಿದೆಸೆಯುವ ಮನುಷ್ಯ. ಮೋರಿಯ ನಕ್ಷೆ ಬರೆಯುವವನು ಮನೆಯಲ್ಲಿ ಕೂತು ಊರಿನ ಮೇಲೆ ರೈಲು ಹಾಯಿಸುತ್ತಿದ್ದಾನೆಂದು ಅವರ ಕಿವಿಗೆ ಬಿದ್ದರೆ ಕೆಲಸ ಹೋದಂತೆಯೇ.

"ಬೇಡಿ ಸಾರ್, ಕೈ ಮುಗಿತೀನಿ. ಎಲ್ಲಿಗೆ ಸರಿಸ್ಲಿ ಹೇಳಿ, ಸರಿಸ್ತೀನಿ."

ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ನಡೆದದ್ದು ಸಂತೆ. ಹೆಡ್‌ಮಾಸ್ತರರ ಮನೆ ಉಳಿಸಿದರೆ ಲಾಂಡ್ರಿಯವನ ಮನೆ ಹೋಗುತ್ತಿತ್ತು. ಲಾಂಡ್ರಿಯವನನ್ನು ಉಳಿಸಿದರೆ ದರ್ಜಿಗೆ ಮತ್ತೆ ಅಳು. ದರ್ಜಿ ಬೇಕರಿಯ ಕಡೆ ಬೆರಳು ತೋರಿಸಿದ, ಬೇಕರಿಯಾಕೆ ದೊಣ್ಣೆ ತೋರಿಸಿದಳು. ಸ್ಕೇಲು ಬೆವರು ಒರೆಸಿಕೊಳ್ಳುತ್ತ ಮೊಳೆ ಕಿತ್ತ, ಹೊಡೆದ, ಮತ್ತೆ ಕಿತ್ತ. ಹೊಸ ಹೊಸ ತಿರುವಿನಲ್ಲಿ ಇಂಜಿನ್ನು ಓಡಿಸಿ ತೋರಿಸಬೇಕೆಂದು ಜನ ಪಟ್ಟು ಹಿಡಿದರು. ಅದು ಪ್ರತಿ ಸಲವೂ ಯಾರದಾದರೊಬ್ಬರ ಅಂಗಳದಲ್ಲಿ ಮಗುಚಿ ಬಿದ್ದು, ಆ ಮನೆಯವರು ಅಪಶಕುನವೆಂದು ಹೌಹಾರಿದರು.

ಕೊನೆಗೆ ಎಲ್ಲರ ಗಂಟಲೂ ಬಿದ್ದುಹೋಗಿ ಕೋಣೆ ಸ್ವಲ್ಪ ತಣ್ಣಗಾದಾಗ, ಹೆಡ್‌ಮಾಸ್ತರರು ಕನ್ನಡಕ ಮೇಲೇರಿಸಿ ಹಲಗೆಯ ಮೇಲೆ ಬಗ್ಗಿದರು. ಅವರ ಬೆರಳು ಮಾತ್ರೆಹಾಳೆಯ ಸೂರಿದ್ದ ಒಂದು ಪುಟ್ಟ ಮನೆಯ ಮೇಲೆ ನಿಂತಿತು.

"ಇದು ಯಾರ ಮನೆ?"

ಯಾರ ಮನೆಯೆಂದು ಎಲ್ಲರಿಗೂ ಗೊತ್ತಿತ್ತು.

"ನೋಡಪ್ಪಾ, ನಾನು ಏನೂ ಹೇಳ್ತಿಲ್ಲ. ನೀನೇ ತಿಳಿದೋನು. ನಿನಗೇನು ಹೆಂಡತಿಯೇ, ಮಕ್ಕಳೇ?"

ಸ್ಕೇಲು ಆ ಮನೆಯನ್ನೇ ನೋಡಿದ. ರಟ್ಟು, ಅಂಟು, ಬೆಳ್ಳಿಹಾಳೆ, ಇದರಲ್ಲಿ ಏನಿದೆ? ತೆಗೆದಿಟ್ಟು ಇವರನ್ನೆಲ್ಲ ಕಳಿಸಿದರೆ ನಾಳೆ ಮತ್ತೆ ಅಂಟಿಸಬಹುದು. ಹಾಗೆಂದುಕೊಂಡೇ ಕೈ ಚಾಚಿದ. ಮೊದಲು ಮೆಟ್ಟಿಲ ಮೇಲಿನ ಹೆಂಗಸನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಮನೆ ಎತ್ತಿದ. ಆಮೇಲೆ ಹಳಿ ಹಾಕಿದ.

ಇಂಜಿನ್ನು ಗುಡ್ಡ ಬಳಸಿ, ಸ್ಟೇಷನ್ನು ದಾಟಿ, ಅವನ ಮನೆಯಿದ್ದ ಜಾಗದಲ್ಲಿ ಬೆಣ್ಣೆಯ ಮೇಲೆ ಕೈಯಾಡಿಸಿದಷ್ಟು ನಯವಾಗಿ ತಿರುಗಿ, ಒಮ್ಮೆಯೂ ಮಗುಚದೆ ಪೂರ್ತಿ ಸುತ್ತು ಮುಗಿಸಿ ಬಂತು. ಇಷ್ಟು ತಿಂಗಳಲ್ಲಿ ಅಷ್ಟು ಚೆನ್ನಾಗಿ ಅದು ಓಡಿರಲೇ ಇಲ್ಲ. ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಬೇಕರಿಯಾಕೆ ಕೇಕು ಕತ್ತರಿಸಿದಳು. ಹಲಗೆಯ ಸುತ್ತ ಎಲ್ಲರನ್ನೂ ನಿಲ್ಲಿಸಿ, ಸ್ಕೇಲಿನ ಹೆಗಲ ಮೇಲೆ ಹೆಡ್‌ಮಾಸ್ತರರ ಕೈ ಇಡಿಸಿ, ಎಲೆಕ್ಟ್ರಿಷಿಯನ್ನು ತನ್ನ ಮೊಬೈಲಿನಲ್ಲಿ ಫೋಟೊ ತೆಗೆದ. ಫೋಟೊದಲ್ಲಿ ಎಲ್ಲರೂ ನಗುತ್ತಿದ್ದರು, ಒಬ್ಬನನ್ನು ಬಿಟ್ಟು.

ಮಧ್ಯಾಹ್ನ ಮನೆ ಖಾಲಿಯಾದಾಗ ಅಕ್ಕ ನೆಲದ ಮೇಲಿನ ಕೇಕಿನ ಪುಡಿ ಗುಡಿಸುತ್ತಿದ್ದಳು. ಗುಡಿಸುತ್ತ ಗುಡಿಸುತ್ತ ನಿಂತಳು.

"ಅಮ್ಮನ್ನ ಎಲ್ಲಿಟ್ಟೆ?"

ಅವಳಿಗೆ ಗೊತ್ತಿತ್ತೆಂಬುದು ಅವನಿಗೆ ಗೊತ್ತಾದದ್ದು ಆಗಲೇ. "ಜೇಬಲ್ಲಿ," ಎಂದ.

"ಬಗ್ಗುವಾಗ ಬೀಳಿಸ್ಬೇಡ," ಎಂದು ಮತ್ತೆ ಪೊರಕೆಯಾಡಿಸಿದಳು. ಅವನ ಕಡೆ ತಿರುಗದೆಯೇ, "ಹೋಗ್ಲಿ ಬಿಡು. ಕೆಲಸ ಉಳೀತಲ್ಲ. ನಾಳೆ ಅಂಟಿಸ್ಕೊ. ನಾರು ಬೇಕಾದ್ರೆ ಕೇಳಿ ತಗೋ," ಎಂದಳು.

ಸಂಜೆ ಬಾಗಿಲ ಮುಂದೆ ಜೀಪು ನಿಂತಿತು. ಸ್ಕೇಲು ಕಿಟಕಿಯಿಂದ ಇಣುಕಿದ. ದೊಡ್ಡ ಸಾಹೇಬರು ಇಳಿದರು. ಅವರ ಹಿಂದೆ ಹೆಡ್‌ಮಾಸ್ತರರು, ಹಿಂದೆ ದರ್ಜಿ, ಬೇಕರಿಯಾಕೆ, ಇಡೀ ಬೀದಿ. ಅವನು ರಾತ್ರಿಯೊಳಗೆ ಮನಸ್ಸು ಬದಲಾಯಿಸಿ ಲೈನು ಮತ್ತೆ ಸರಿಸಿಬಿಟ್ಟರೆ ಏನು ಗತಿ ಎಂದು ಹೆದರಿ, ಎಲ್ಲರೂ ಸೇರಿ ಫೋಟೊ ಹಿಡಿದುಕೊಂಡು ಸಾಹೇಬರ ಮನೆಗೆ ಹೋಗಿಯೇ ಬಂದಿದ್ದರು.

ಸಾಹೇಬರು ನೇರ ಕೋಣೆಗೆ ಬಂದರು. ಹಲಗೆಯ ಸುತ್ತ ಒಂದು ಸುತ್ತು ಹಾಕಿದರು. ಬಗ್ಗಿ ತಿರುವನ್ನು ನೋಡಿದರು, ಅಂಗೈ ಇಟ್ಟು ಅಳೆದರು.

"ಇದು ನೀವು ಮಾಡಿದ್ದಾ?"

"ತಪ್ಪಾಯ್ತು ಸಾರ್. ಇನ್ನು ಮುಂದೆ ಇದರ ತಂಟೆಗೆ ಹೋಗಲ್ಲ. ಇದು ಬರೀ ಆಟಿಕೆ."

ಸಾಹೇಬರು ಸೆಟೆದು ನಿಂತು ಅವನ ಕೈ ಹಿಡಿದು ಕುಲುಕಿದರು. ಕಚೇರಿಗೆ ಸೇರಿದಂದಿನಿಂದ ಆ ಕೈ ಅವನನ್ನು ಮುಟ್ಟಿರಲಿಲ್ಲ.

"ಆಟಿಕೆಯಂತೆ! ವಿನಯ ಅಂದ್ರೆ ಇದು. ಏನ್ರೀ, ಈ ಊರಿನ ಒಳಗಿಂದ ಎರಡು ಲೈನು ಸೇರಿಸೋ ಒಂದು ಕೂಡುಮಾರ್ಗ ತರ್ಬೇಕು ಅಂತ ಮೇಲಿನವರು ನನ್ನ ಕತ್ತು ಹಿಡಿದು ಎಷ್ಟು ಕಾಲ ಆಯ್ತು ಗೊತ್ತಾ? ಯಾವ ಬೀದಿಗೆ ಹೋದ್ರೂ ಜನ ಕಲ್ಲು ತಗೋತಿದ್ರು. ನೀವು ಸದ್ದಿಲ್ಲದೆ ಮನೇಲಿ ಕೂತು ದಾರಿ ಹುಡುಕಿದ್ದೀರಿ. ಬೀದಿಗೆ ಬೀದಿಯೇ ಒಪ್ಪಿದೆ. ತಿರುವು ಒಂಚೂರೂ ಬಿಗಿಯಿಲ್ಲ. ಹೋಗೋದು ಒಂದೇ ಒಂದು ಮನೆ, ಅದನ್ನ ಮನೆ ಯಜಮಾನರೇ ನಗುನಗುತ್ತ ಬಿಟ್ಟುಕೊಟ್ಟಿದ್ದಾರೆ!"

"ನಾನು ನಗ್ಲಿಲ್ಲ ಸಾರ್," ಎಂದ ಸ್ಕೇಲು. ದನಿ ಹೊರಗೆ ಬಂದಿತೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಚಪ್ಪಾಳೆ ಅಷ್ಟು ಜೋರಿತ್ತು.

ಬಾಗಿಲ ಚೌಕಟ್ಟು ಹಿಡಿದು ನಿಂತ ಅಕ್ಕನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೈಯುತ್ತಾಳೆಂದು ಅವನು ಕಾದ. ಬೈಯಲಿಲ್ಲ. ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು. ಬೈದಿದ್ದರೆ ಚೆನ್ನಾಗಿತ್ತು.

"ಇದು ನಾಳೆ ಬೆಳಿಗ್ಗೆ ನನ್ನ ಕಚೇರಿಲಿ ಇರ್ಬೇಕು," ಎಂದರು ಸಾಹೇಬರು ಹಲಗೆ ತಟ್ಟಿ. "ಮೇಲಿನವರು ಬರ್ತಿದ್ದಾರೆ, ಕಣ್ಣಾರೆ ತೋರಿಸ್ಬೇಕು. ಈಗ್ಲೇ ಎತ್ತಿ, ಜೀಪಿನ ಹಿಂದೆ ಗಾಡಿ ಕಳಿಸ್ತೀನಿ."

ದರ್ಜಿ ಒಂದು ಮೂಲೆ ಹಿಡಿದ, ಲಾಂಡ್ರಿಯವನು ಇನ್ನೊಂದು, ಎಲೆಕ್ಟ್ರಿಷಿಯನ್ನು ಮತ್ತೊಂದು. ಎತ್ತಿದರು. ಬಾಗಿಲಿಗೆ ತಂದರು. ನೇರ ಹಿಡಿದರು, ಅಡ್ಡ ಹಿಡಿದರು, ಓರೆ ಮಾಡಿದರು. ಹಲಗೆ ಬಾಗಿಲಿಗಿಂತ ಅಗಲವಿತ್ತು, ಕಿಟಕಿಗಿಂತಲೂ ಅಗಲವಿತ್ತು. ಕೋಣೆಯೊಳಗೇ ಕಟ್ಟಿದ ಊರು ಕೋಣೆ ಬಿಟ್ಟು ಬರಲು ಒಪ್ಪಲಿಲ್ಲ.

ಸ್ಕೇಲಿಗೆ ಹೋದ ಜೀವ ಬಂದಂತಾಯಿತು. "ಹಿಡಿಸಲ್ಲ ಸಾರ್," ಎಂದ. "ಬಿಚ್ಚಿದ್ರೆ ಹಾಳಾಗುತ್ತೆ. ಇದು ಹೊರಗೆ ಬರೋದಿಲ್ಲ."

ಸಾಹೇಬರು ಬಾಗಿಲು ನೋಡಿದರು, ಕಿಟಕಿ ನೋಡಿದರು, ಕಿಟಕಿಯ ಗೋಡೆಯನ್ನು ಬೆರಳ ಗಂಟಿನಿಂದ ಕುಟ್ಟಿ ನೋಡಿದರು. ಅವರ ಮುಖ ಅರಳಿತು.

"ಅದಕ್ಕೆ ಯಾಕ್ರೀ ಚಿಂತೆ? ಹೇಗೂ ಒಡೆಯೋ ಗೋಡೆ ತಾನೆ. ಇವತ್ತೇ ಶುರು ಮಾಡಿದ್ರಾಯ್ತು."

ಹೆಡ್‌ಮಾಸ್ತರರು ಅಂಗಿಯ ತೋಳು ಮಡಿಸಿಕೊಂಡರು. ನಮ್ಮಲ್ಲಿ ಹಾರೆ ಇದೆ ಎಂದು ಲಾಂಡ್ರಿಯವನು ಓಡಿದ. ಗುದ್ದಲಿ ತರುತ್ತೇನೆಂದು ದರ್ಜಿ ಓಡಿದ. ಕೆಲಸ ಮಾಡುವವರಿಗೆ ಬಿಸಿ ಬನ್ನು ಕಳಿಸುತ್ತೇನೆಂದು ಬೇಕರಿಯಾಕೆ ಹೊರಟಳು. ಕಷ್ಟಕ್ಕೆ ಆ ಬೀದಿ ಅಷ್ಟು ಬೇಗ ಒದಗಿದ್ದನ್ನು ಸ್ಕೇಲು ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಹಾರೆ ಬಂತು. ಲಾಂಡ್ರಿಯವನು ಎರಡು ಕೈಯಿಂದ ಎತ್ತಿ, ಕಿಟಕಿಯ ಎಡಗಡೆ ಗುರಿಯಿಟ್ಟ.

"ಅಲ್ಲಿ ಬೇಡ," ಎಂದ ಸ್ಕೇಲು. ಅಕ್ಕನ ಪಕ್ಕ ಹೊಸಿಲ ಮೇಲೆ ಕೂತಿದ್ದವನು ಕೂತಲ್ಲಿಂದಲೇ ಹೇಳಿದ. "ಅಲ್ಲಿ ತೊಲೆ ಕೂತಿದೆ, ಸೂರು ನಿಮ್ಮ ತಲೆ ಮೇಲೇ ಬರುತ್ತೆ. ಬಲಗಡೆ ಹೊಡೀರಿ. ಅಲ್ಲಿ ಗೋಡೆ ತೆಳು."